ನಮ್ಮ ಓಣಿಯ ನೀರು, ನಮ್ಮ ಓಣಿಯ ಕಸ: ಪುಣೆಯಲ್ಲಿ ಕಲಿಯುವ ಗುಂಪು ಕಟ್ಟುವ ಬಗೆ

ಧನಕವಡಿಯ ನಮ್ಮ ಸೊಸೈಟಿಗೆ ಬೇಸಿಗೆ ಬಂತೆಂದರೆ ಟ್ಯಾಂಕರ್ ಬರುತ್ತದೆ. "ಈ ನೀರು ಎಲ್ಲಿಂದ ತರ್ತಾರೆ?" ಎಂದು ಒಂದು ಸಂಜೆ ಮಗಳು ಕೇಳಿದಳು. ನನಗೆ ಗೊತ್ತಿರಲಿಲ್ಲ. ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ. ಹುಬ್ಬಳ್ಳಿಯ ನಮ್ಮ ಮನೆಗೆ ನಳ ಯಾವ ದಿನ ಬರುತ್ತದೆ, ನೀರಸಾಗರದಲ್ಲಿ ನೀರು ಎಷ್ಟಿದೆ ಎಂದು ಇವತ್ತಿಗೂ ಫೋನ್ ಮಾಡಿದಾಗ ಕೇಳುತ್ತೇನೆ. ಹದಿನಾಲ್ಕು ವರ್ಷ ಕುಡಿದ ಪುಣೆಯ ನೀರಿನ ಬಗ್ಗೆ ಮಾತ್ರ ಏನೂ ತಿಳಿದಿರಲಿಲ್ಲ. ಆ ರಾತ್ರಿ ಬಹಳ ಹೊತ್ತು ಇದೇ ತಲೆಯಲ್ಲಿತ್ತು.

ನಮ್ಮ ಗುಂಪು ಶುರುವಾದದ್ದು ಆ ಪ್ರಶ್ನೆಯಿಂದ. ಈಗ ಆರನೇ ವರ್ಷ. ಕೋಥರೂಡ್, ಹಡಪಸರ್, ಪಿಂಪರಿ ಕಡೆಯ ಕನ್ನಡಿಗರು "ನಾವೂ ಮಾಡಬೇಕು, ಹೇಗೆ ಶುರು ಮಾಡೋದು?" ಎಂದು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಸುಸ್ಥಿರ ಅಭಿವೃದ್ಧಿ ಎಂಬುದು ದೊಡ್ಡ ಮಾತು. ನಮ್ಮ ಗುಂಪಿನಲ್ಲಿ ಅದಕ್ಕೆ ಇಷ್ಟೇ ಅರ್ಥ: ಓಣಿಗೆ ಬರುವ ನೀರು, ಓಣಿಯಿಂದ ಹೋಗುವ ಕಸ, ಓಣಿಗೆಂದು ಖರ್ಚಾಗುವ ಹಣ, ಇವುಗಳ ಲೆಕ್ಕ ಓಣಿಯವರ ಕೈಯಲ್ಲೇ ಇರಬೇಕು. ಲೆಕ್ಕ ಗೊತ್ತಾದ ಮೇಲೆ ಏನು ಮಾಡಬೇಕು ಅನ್ನುವುದು ತಾನಾಗಿ ಕಾಣುತ್ತದೆ.

ಮೊದಲು ಜನ

ಎಂಟು ಜನ ಸಾಕು. ಆದರೆ ಎಂಟೂ ಜನ ಒಂದೇ ಥರದವರಾಗಬಾರದು. ಇಲ್ಲೇ ಹೆಚ್ಚಿನ ಗುಂಪುಗಳು ಎಡವುತ್ತವೆ.

ಪುಣೆಯಲ್ಲಿ ಕನ್ನಡ ಮಾತಾಡುವವರು ಯಾರು ಯಾರು ಇದ್ದಾರೆ ನೋಡಿ. ಹಿಂಜವಡಿಗೆ ಹೋಗುವ ಸಾಫ್ಟ್‌ವೇರ್ ಹುಡುಗರು, ಬ್ಯಾಂಕಿನವರು, ಮೇಷ್ಟ್ರುಗಳು, ಹೋಟೆಲ್ ನಡೆಸುವವರು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ನಾಲ್ಕು ಮನೆಯ ಪಾತ್ರೆ ತೊಳೆಯುವ ಅಕ್ಕಂದಿರು, ರಾತ್ರಿ ಗೇಟಿನಲ್ಲಿ ಕೂರುವ ಕಾಕಾಗಳು. ಇವರೆಲ್ಲ ಒಂದೇ ಲಿಫ್ಟಿನಲ್ಲಿ ಏರಿ ಇಳಿಯುತ್ತಾರೆ. ಒಂದೇ ಚಾಪೆಯ ಮೇಲೆ ಕೂರುವುದು ಮಾತ್ರ ಅಪರೂಪ.

ನಮ್ಮ ಗುಂಪಿನಲ್ಲಿ ಮೊದಲ ನಾಲ್ಕು ತಿಂಗಳು ಬರೀ ಫ್ಲ್ಯಾಟಿನವರೇ ಇದ್ದೆವು. ಯಾವ ಬಿಲ್ಡಿಂಗಿಗೆ ಎಷ್ಟು ಹೊತ್ತು ನೀರು ಬರುತ್ತದೆ ಎಂದು ತಿಳಿಯಲು ಅರ್ಜಿ ಬರೆಯುವ ಯೋಚನೆಯಲ್ಲಿದ್ದೆವು. ಯಾದಗಿರಿ ಕಡೆಯ ಒಬ್ಬ ಅಕ್ಕ ಬಂದು ಕೂತರು. ಐದು ನಿಮಿಷದಲ್ಲಿ ಆರು ಬಿಲ್ಡಿಂಗಿನ ಲೆಕ್ಕ ಬಾಯಲ್ಲೇ ಹೇಳಿದರು. ಯಾವ ಮನೆಯಲ್ಲಿ ಎಷ್ಟೊತ್ತಿಗೆ ನೀರು ನಿಲ್ಲುತ್ತದೆ ಅನ್ನುವುದರ ಮೇಲೆ ಅವರ ಇಡೀ ದಿನದ ಕೆಲಸ ನಿಂತಿದೆ. ಅವರಿಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತಿರಲು ಸಾಧ್ಯ?

ಹಾಗಾಗಿ ಕೂಡುವ ಜಾಗ, ಹೊತ್ತು ಎರಡನ್ನೂ ಅವರನ್ನು ಕೇಳಿ ಗೊತ್ತು ಮಾಡಿ. ಕ್ಲಬ್ ಹೌಸ್ ಬೇಡ. ಅಲ್ಲಿಗೆ ಬರಲು ಅವರು ಹಿಂಜರಿಯುತ್ತಾರೆ. ಗುಡಿಯ ಕಟ್ಟೆ, ಶಾಲೆಯ ಕೋಣೆ, ಮರದ ಕೆಳಗಿನ ಜಾಗ ಒಳ್ಳೆಯದು. ನಮಗೆ ರಾತ್ರಿ ಎಂಟು ಗಂಟೆ ಹೊಂದಿತು. ಮಕ್ಕಳನ್ನು ಕರೆದುಕೊಂಡೇ ಬನ್ನಿ ಎಂದು ಹೇಳಿ. ಇಲ್ಲದಿದ್ದರೆ ಹೆಂಗಸರು ಬರುವುದೇ ಇಲ್ಲ.

ಜನರನ್ನು ಹುಡುಕಲು ನವೆಂಬರ್ ಒಳ್ಳೆಯ ತಿಂಗಳು. ರಾಜ್ಯೋತ್ಸವದ ಕಾರ್ಯಕ್ರಮಗಳಲ್ಲಿ ಎಲ್ಲ ಕಡೆಯವರೂ ಸಿಗುತ್ತಾರೆ. ಎರಂಡವಣೆಯ ಗಣೇಶನಗರದ ಕನ್ನಡ ಸಂಘದಂಥ ಹಳೆಯ ಜಾಗಗಳಲ್ಲಿ ಹಿರಿಯರ ಪರಿಚಯವೂ ಆಗುತ್ತದೆ.

ಇನ್ನು ಭಾಷೆ. ಗುಂಪು ಕನ್ನಡದಲ್ಲಿ ಶುರುವಾಗಲಿ, ಆದರೆ ಕನ್ನಡದವರಿಗಷ್ಟೇ ಎಂದು ಮಾಡಬೇಡಿ. ನಮ್ಮ ಪಕ್ಕದ ಮರಾಠಿ ಕಾಕೂ ಎರಡನೇ ತಿಂಗಳಿಂದಲೇ ಬಂದರು. ಒಬ್ಬರು ಕನ್ನಡದಲ್ಲಿ ಹೇಳಿದ್ದನ್ನು ಇನ್ನೊಬ್ಬರು ಮರಾಠಿಯಲ್ಲಿ ಹೇಳುತ್ತೇವೆ. ಹೊತ್ತು ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. "ನಾವು ಹೊರಗಿನವರು, ನಮಗ್ಯಾಕೆ ಇಲ್ಲಿನ ಉಸಾಬರಿ" ಎಂಬ ಮಾತು ನಮ್ಮವರ ಬಾಯಲ್ಲಿ ಬಹಳ ಸಲ ಕೇಳಿದ್ದೇನೆ. ಇಲ್ಲಿನ ನೀರು ಕುಡಿಯುತ್ತೇವೆ, ಇಲ್ಲಿ ಕಸ ಹಾಕುತ್ತೇವೆ, ಮಕ್ಕಳು ಇಲ್ಲೇ ಬೆಳೆಯುತ್ತಿದ್ದಾರೆ. ಹೊರಗಿನವರು ಹೇಗಾಗುತ್ತೇವೆ?

ಮೊದಲ ಕೂಟ: ಸುಮ್ನೆ ನಡೆಯಿರಿ

ನಾವು ಮೊದಲ ಸಲ ಪ್ರೊಜೆಕ್ಟರ್ ಇಟ್ಟು ಹವಾಮಾನ ಬದಲಾವಣೆಯ ಮೇಲೆ ಒಂದು ಗಂಟೆ ಉಪನ್ಯಾಸ ಮಾಡಿಸಿದೆವು. ಇಪ್ಪತ್ತೆರಡು ಜನ ಬಂದಿದ್ದರು. ಮುಂದಿನ ತಿಂಗಳು ಐದು ಜನ ಬಂದರು. ಉಪನ್ಯಾಸ ಕೊಟ್ಟವರು ತಿಳಿದವರೇ, ತಪ್ಪು ನಮ್ಮದು. ಕೇಳುವವರ ಮನಸ್ಸಿನಲ್ಲಿ ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಬಡಿಸಿದ್ದೆವು.

ಆಮೇಲೆ ಆಂಬಿಲ್ ಓಢಾದ ಗುಂಟ ನಡೆದೆವು. ನಾವು ಹಳ್ಳ ಅನ್ನುವುದನ್ನು ಇಲ್ಲಿ ಓಢಾ ಅನ್ನುತ್ತಾರೆ. ಕಾತ್ರಜ್ ಕಡೆಯಿಂದ ಇಳಿದು, ಸಹಕಾರನಗರದ ಆಸುಪಾಸಿನಲ್ಲಿ ಹಾದು, ದಾಂಡೇಕರ್ ಪೂಲ್ ಬಳಿ ಸಾಗಿ ಮುಠಾ ನದಿ ಸೇರುತ್ತದೆ. 2019ರ ಸೆಪ್ಟೆಂಬರ್ 25ರ ರಾತ್ರಿ ಇದೇ ಹಳ್ಳ ಉಕ್ಕಿ ಮನೆಗಳಿಗೆ ನುಗ್ಗಿತ್ತು, ಜನ ಸತ್ತಿದ್ದರು. ನಮ್ಮಲ್ಲಿ ಹೆಚ್ಚಿನವರು ಅದನ್ನು ಟಿವಿಯಲ್ಲಿ ನೋಡಿದ್ದೆವು. ಹಳ್ಳದ ದಂಡೆಯಲ್ಲಿ ನಿಂತು, ಗೋಡೆಯ ಮೇಲೆ ನೀರು ಎಲ್ಲಿಯ ತನಕ ಬಂದಿತ್ತು ಎಂದು ಅಲ್ಲಿನವರು ಕೈಯೆತ್ತಿ ತೋರಿಸಿದಾಗ ಯಾರೂ ಮಾತಾಡಲಿಲ್ಲ.

ನಿಮ್ಮ ಓಣಿಯ ಹತ್ತಿರವೂ ಒಂದು ಓಢಾ, ಕೆರೆ ಅಥವಾ ಗುಡ್ಡ ಇದ್ದೇ ಇರುತ್ತದೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಡಿ. ಎರಡು ಕಿಲೋಮೀಟರ್ ಮೀರಬೇಡಿ, ವಯಸ್ಸಾದವರಿಗೆ ಕಷ್ಟವಾಗುತ್ತದೆ. ಒಬ್ಬರ ಕೈಯಲ್ಲಿ ವಹಿ, ಒಬ್ಬರ ಕೈಯಲ್ಲಿ ಫೋಟೋ ತೆಗೆಯಲು ಫೋನ್. ಮರಾಠಿ ಚೆನ್ನಾಗಿ ಬರುವ ಒಬ್ಬರಿಗೆ ಅಲ್ಲಿ ಇರುವವರನ್ನು ಮಾತಾಡಿಸುವ ಕೆಲಸ. ನಿಂತ ಕಡೆಯಲ್ಲೆಲ್ಲ ಇವಿಷ್ಟೇ ಕೇಳಿ: ನೀರು ಎಲ್ಲಿಂದ ಬರುತ್ತಿದೆ? ಎಲ್ಲಿಗೆ ಹೋಗುತ್ತದೆ? ಮೊದಲು ಇಲ್ಲಿ ಏನಿತ್ತು?

ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ಹಳಬರ ಬಾಯಿ ಬಿಚ್ಚುವುದು ಅಲ್ಲೇ. ಕಾತ್ರಜ್ ಕೆರೆಯಿಂದ ಪೇಶ್ವೆಯರ ಕಾಲದಲ್ಲಿ ನೆಲದಡಿ ಕಾಲುವೆ ಕಟ್ಟಿ ಊರೊಳಗಿನ ಹೌದುಗಳಿಗೆ, ಅಂದರೆ ನೀರಿನ ತೊಟ್ಟಿಗಳಿಗೆ, ನೀರು ತಂದಿದ್ದರು ಎಂಬ ಸಂಗತಿ ನಮಗೆ ಗೊತ್ತಾದದ್ದು ಹೀಗೆ, ಒಬ್ಬ ಹಿರಿಯ ಆಜೋಬಾ ಅವರಿಂದ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆಯಿತು. ಆ ನೀರಿಗೆ ಖಡಕವಾಸಲಾ ಕೂಡ ತಾಳಲಿಲ್ಲ. ಆವತ್ತು ಮುಠಾ ನದಿ ಊರೊಳಗೆ ಬಂದದ್ದನ್ನು ಅವರು ಹುಡುಗರಾಗಿದ್ದಾಗ ಕಣ್ಣಾರೆ ಕಂಡಿದ್ದರು.

ನಡಿಗೆ ಮುಗಿದ ಮೇಲೆ ಚಹಾ, ಪೋಹೆ. ಅಲ್ಲೇ ಕೂತು ಒಂದು ದೊಡ್ಡ ಹಾಳೆಯ ಮೇಲೆ ನಡೆದ ದಾರಿಯ ನಕ್ಷೆ ಬರೆಯಿರಿ. ಚಂದ ಇರಬೇಕೆಂದಿಲ್ಲ. ಮಕ್ಕಳ ಕೈಗೆ ಬಣ್ಣ ಕೊಡಿ.

ನೀರಿನ ಲೆಕ್ಕ

ಪುಣೆಗೆ ಮುಖ್ಯವಾಗಿ ನೀರು ಕೊಡುವ ಅಣೆಕಟ್ಟುಗಳು ನಾಲ್ಕು: ಖಡಕವಾಸಲಾ, ಪಾನಶೇತ್, ವರಸಗಾಂವ್, ಟೇಮಘರ್. ನಾಲ್ಕೂ ತುಂಬಿದರೆ ಸುಮಾರು 29 ಟಿಎಂಸಿ. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ಇದರಲ್ಲಿ ಪಾಲು ಇರುವುದು ಊರಿಗೆ ಮಾತ್ರ ಅಲ್ಲ. ಕಾಲುವೆಯ ಗುಂಟ ದೌಂಡ್, ಇಂದಾಪುರದ ಹೊಲಗಳಿಗೂ ಇದೇ ನೀರು ಹೋಗಬೇಕು. ನಾವು ಪೋಲು ಮಾಡಿದ ಬಕೆಟ್ ಯಾರದೋ ಜೋಳದ ಹೊಲದ ಪಾಲಿನಿಂದ ಬಂದದ್ದು ಎಂದು ನಮ್ಮ ಸಭೆಯಲ್ಲಿ ಹೇಳಿದವರು ಇಂಡಿ ತಾಲೂಕಿನ ಒಬ್ಬ ಕಾಕಾ. ಅವರ ಊರಲ್ಲಿ ಅವರೂ ಕಾಲುವೆಯ ಕೊನೆಯ ರೈತರೇ.

ಈಗ ನಿಮ್ಮ ಸೊಸೈಟಿಯ ಟ್ಯಾಂಕಿಗೆ ಬನ್ನಿ. ಮೀಟರ್ ಇದ್ದರೆ ಏಳು ದಿನ ಒಂದೇ ಹೊತ್ತಿಗೆ ಓದಿ ಬರೆದಿಡಿ. ಇಲ್ಲದಿದ್ದರೆ ಟೇಪು ಹಿಡಿದು ಟ್ಯಾಂಕಿನ ಉದ್ದ, ಅಗಲ, ಆಳವನ್ನು ಮೀಟರಿನಲ್ಲಿ ಅಳೆಯಿರಿ. ಮೂರನ್ನೂ ಗುಣಿಸಿ ಸಾವಿರದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 4 ಮೀಟರ್ ಉದ್ದ, 3 ಮೀಟರ್ ಅಗಲ, 2 ಮೀಟರ್ ಆಳದ ಟ್ಯಾಂಕ್ ಎಂದರೆ 24,000 ಲೀಟರ್. ಅದು ದಿನಕ್ಕೊಮ್ಮೆ ಪೂರ್ತಿ ಖಾಲಿಯಾಗುತ್ತದೆ, ಬಿಲ್ಡಿಂಗಿನಲ್ಲಿ 80 ಜನ ಇದ್ದಾರೆ ಎಂದುಕೊಳ್ಳಿ. ತಲೆಗೆ 300 ಲೀಟರ್ ಆಯಿತು. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕ ಹಿಡಿಯುವುದು ರೂಢಿ. ಉಳಿದ ನೀರು ಎಲ್ಲಿ ಹೋಯಿತು?

ಇದನ್ನು ಹುಡುಕುವ ಒಂದು ಸುಲಭ ಉಪಾಯ ಇದೆ. ಫ್ಲಷ್ ಟ್ಯಾಂಕಿಗೆ ಸಿಹಿತಿಂಡಿಗೆ ಹಾಕುವ ಬಣ್ಣವನ್ನು ಸ್ವಲ್ಪ ಹಾಕಿ. ಇಪ್ಪತ್ತು ನಿಮಿಷ ಫ್ಲಷ್ ಮಾಡಬೇಡಿ. ಕೆಳಗೆ ಕಮೋಡಿನಲ್ಲಿ ಬಣ್ಣ ಕಂಡರೆ ವಾಲ್ವ್ ಸೋರುತ್ತಿದೆ ಎಂದರ್ಥ. ಸದ್ದಿಲ್ಲದೆ ದಿನವಿಡೀ ಸೋರುವ ಜಾಗ ಇದೇ. ಆಮೇಲೆ ಮೇಲಿನ ಟ್ಯಾಂಕಿನ ಫ್ಲೋಟ್ ವಾಲ್ವ್ ನೋಡಿ. ಬೆಳಗಿನ ಜಾವ ತುಂಬಿ ಹೊರಚೆಲ್ಲುವುದು ಗೇಟಿನ ಕಾಕಾಗೆ ಮಾತ್ರ ಗೊತ್ತಿರುತ್ತದೆ. ಅವರನ್ನು ಕೇಳಿ.

ಮಳೆಯ ಲೆಕ್ಕ ಇನ್ನೂ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. 200 ಚದರ ಮೀಟರಿನ ತಾರಸಿಯ ಮೇಲೆ 1,40,000 ಲೀಟರ್ ಬೀಳುತ್ತದೆ. ಐದನೇ ಒಂದು ಪಾಲು ಹಾಳಾಯಿತು ಎಂದರೂ 1,12,000 ಲೀಟರ್ ಉಳಿಯಿತು. ಹತ್ತು ಸಾವಿರ ಲೀಟರಿನ ಹನ್ನೊಂದು ಟ್ಯಾಂಕರ್! ಈ ಗುಣಾಕಾರವನ್ನು ಸೊಸೈಟಿಯ ನೋಟೀಸ್ ಬೋರ್ಡಿಗೆ ಹಚ್ಚಿ. ಮಳೆ ನೀರು ಹಿಡಿಯುವುದು, ಸೋಲಾರ್, ಎರೆಗೊಬ್ಬರ ಇವುಗಳಿಗೆ ಪುಣೆ ಮಹಾನಗರ ಪಾಲಿಕೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಇಟ್ಟಿದೆ ಎಂಬುದನ್ನೂ ಅದರ ಕೆಳಗೆ ಬರೆಯಿರಿ. ಕಮಿಟಿಯವರ ಕಿವಿಗೆ ಅದು ಬೇಗ ಬೀಳುತ್ತದೆ.

ಮಗಳ ಪ್ರಶ್ನೆಗೆ ಉತ್ತರವೂ ಸಿಕ್ಕಿತು. ಟ್ಯಾಂಕರ್ ಚಾಲಕರನ್ನು ಕೇಳಿ, ಒಪ್ಪಿಗೆ ಪಡೆದು, ಇಬ್ಬರು ಸ್ಕೂಟರಿನಲ್ಲಿ ಹಿಂದೆ ಹೋದೆವು. ಊರ ಹೊರಗಿನ ಒಂದು ಖಾಸಗಿ ಬಾವಿ. ಅದರಿಂದ ಸ್ವಲ್ಪ ದೂರದಲ್ಲೇ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಅದನ್ನು ನೋಡಿದ ಮೇಲೆ ನಮ್ಮ ಸೊಸೈಟಿಯಲ್ಲಿ ಕಾರು ತೊಳೆಯಲು ಪೈಪು ಹಿಡಿಯುವುದು ನಿಂತಿತು. ಯಾರೂ ನಿಯಮ ಮಾಡಲಿಲ್ಲ.

ಕಸದ ಪಾಠಕ್ಕೆ ಗುರು ಯಾರು?

ಕಸ ಒಯ್ಯುವ ಮಾವಶಿ. ಬೇರೆ ಯಾರೂ ಬೇಡ.

ಪುಣೆಗೆ ಈ ವಿಷಯದಲ್ಲಿ ದೊಡ್ಡ ಹೆಸರಿದೆ. ಕಸ ಆಯುವವರು 1993ರಲ್ಲಿ ಇಲ್ಲಿ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಸಂಘ ಕಟ್ಟಿದರು. ಅದರಿಂದಲೇ ಮುಂದೆ ಸ್ವಚ್ಛ್ ಸಹಕಾರಿ ಸಂಸ್ಥೆ ಹುಟ್ಟಿತು. ಕಸ ಆಯುವವರೇ ಅದರ ಮಾಲೀಕರು. 2008ರಲ್ಲಿ ಅದಕ್ಕೆ ಪಾಲಿಕೆಯ ಜೊತೆ ಒಪ್ಪಂದವಾಯಿತು. ಮೊದಲು ತಿಪ್ಪೆಯ ಮೇಲೆ ಕಸ ಕೆದಕುತ್ತಿದ್ದವರು ಈಗ ಗುರುತಿನ ಚೀಟಿ ಹಾಕಿಕೊಂಡು ಮನೆ ಬಾಗಿಲಿಗೆ ಬರುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಅವರ ಹೆಸರನ್ನೇ ಕೇಳಿರುವುದಿಲ್ಲ.

ಮಾವಶಿಯನ್ನು ಗುಂಪಿಗೆ ಕರೆಯಿರಿ. ಅವರ ಅರ್ಧ ದಿನದ ದುಡಿಮೆ ಎಷ್ಟೋ ಅಷ್ಟನ್ನು ಮೊದಲೇ ಕೈಗೆ ಕೊಡಿ. ಇದು ನಮ್ಮ ಗುಂಪಿನ ಕಟ್ಟುನಿಟ್ಟಾದ ನಿಯಮ. ಉಪನ್ಯಾಸಕರಿಗೆ ಶಾಲು ಹೊದಿಸಿ ಕವರ್ ಕೊಡುತ್ತೇವೆ, ಅಲ್ವಾ? ಇವರಿಗೂ ಕೊಡಬೇಕು. ನಮ್ಮ ಮಾವಶಿ ಹಳೆಯ ಪೇಪರ್ ಹಾಸಿ, ಒಂದು ಮನೆಯ ಒಣ ಕಸದ ಚೀಲವನ್ನು ಅದರ ಮೇಲೆ ಸುರಿದರು. ನೀರಿನ ಬಾಟಲಿ ಒಂದು ಕಡೆ, ಹಾಲಿನ ಪಾಕೀಟು ಒಂದು ಕಡೆ, ರಟ್ಟು ಒಂದು ಕಡೆ. ಯಾವುದಕ್ಕೆ ಗುಜರಿಯವನು ದುಡ್ಡು ಕೊಡುತ್ತಾನೆ, ಯಾವುದನ್ನು ಮುಟ್ಟುವುದೂ ಇಲ್ಲ ಎಂದು ಒಂದೊಂದಾಗಿ ತೋರಿಸಿದರು. ಚಿಪ್ಸಿನ ಹೊಳೆಯುವ ಪೊಟ್ಟಣವನ್ನು ಎತ್ತಿ ಹಿಡಿದು "ಇದಕ್ಕೆ ಯಾರೂ ಪೈಸೆ ಕೊಡುವುದಿಲ್ಲ" ಎಂದರು. ಸಾಂಬಾರು ಮೆತ್ತಿದ ರಟ್ಟಿಗೂ ಬೆಲೆ ಇಲ್ಲ. ಆಮೇಲೆ ತಮ್ಮ ಅಂಗೈ ತೋರಿಸಿದರು. ಒಡೆದ ಗಾಜು, ಬ್ಲೇಡು ಕೊಯ್ದ ಗುರುತುಗಳಿದ್ದವು.

ಅಂದಿನಿಂದ ನಾವು ಮಾಡುವುದು ಇಷ್ಟು. ಓಲಾ ಕಚರಾ, ಸುಕಾ ಕಚರಾ, ಅಂದರೆ ಹಸಿ ಕಸ, ಒಣ ಕಸ ಬೇರೆ ಬೇರೆ. ಹಾಲಿನ ಪಾಕೀಟು ತೊಳೆದು ಒಣಗಿಸಿ ಕೊಡುವುದು. ಗಾಜು, ಬ್ಲೇಡನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಬರೆದು ಕೈಗೇ ಕೊಡುವುದು. ಪ್ಯಾಡು, ಡೈಪರನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕಿ ಹಾಕುವುದು. ಈ ಕೆಂಪು ಚುಕ್ಕಿಯ ಅಭಿಯಾನ ನಡೆಸಿದವರೂ ಸ್ವಚ್ಛ್‌ನವರೇ. ಒಂದು ಚುಕ್ಕಿ ನೋಡಿ ಅವರು ಆ ಪೊಟ್ಟಣವನ್ನು ಬಿಚ್ಚದೆ ಪಕ್ಕಕ್ಕಿಡುತ್ತಾರೆ.

ಗೊಬ್ಬರದ ಬಗ್ಗೆ ಬಹಳ ಹೇಳುವುದಿಲ್ಲ. ತೂತು ಹಾಕಿದ ಬಕೆಟ್, ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ಒಣ ಎಲೆ, ವಾರಕ್ಕೆರಡು ಸಲ ಕೆದಕುವುದು. ನಾತ ಬಂದರೆ ನೀರು ಜಾಸ್ತಿಯಾಗಿದೆ, ಒಣ ಎಲೆ ಹಾಕಿ. ಒಣಗಿ ನಿಂತರೆ ಹುಳಿ ಮಜ್ಜಿಗೆ ನೀರು ಚಿಮುಕಿಸಿ. ಎರಡು ತಿಂಗಳಲ್ಲಿ ಮಣ್ಣಿನ ವಾಸನೆ ಬರುತ್ತದೆ. ಫೆಬ್ರುವರಿಯಿಂದ ಓಣಿಯ ಮರಗಳು ಎಲೆ ಉದುರಿಸುತ್ತವೆ. ಅದನ್ನು ಸುಡಲು ಬಿಡಬೇಡಿ, ಗೋಣಿಚೀಲದಲ್ಲಿ ತುಂಬಿಡಿ. ವರ್ಷಕ್ಕೆ ಸಾಕಾಗುತ್ತದೆ.

ಕಚೇರಿಯ ಮೆಟ್ಟಿಲು

ಪುಣೆ ಪಾಲಿಕೆಯಲ್ಲಿ 2006ರಿಂದ ಒಂದು ಒಳ್ಳೆಯ ಪದ್ಧತಿ ಇದೆ. ಮುಂದಿನ ವರ್ಷದ ಬಜೆಟ್ಟಿನಲ್ಲಿ ನಮ್ಮ ಓಣಿಗೆ ಯಾವ ಸಣ್ಣ ಕೆಲಸ ಬೇಕು ಎಂದು ನಾಗರಿಕರೇ ಅರ್ಜಿ ತುಂಬಿ ಹೇಳಬಹುದು. ಅರ್ಜಿ ಕರೆಯುವುದು ಸಾಮಾನ್ಯವಾಗಿ ಆಗಸ್ಟ್ ಆಸುಪಾಸು. ದಿನಾಂಕ ಬದಲಾಗುತ್ತಿರುತ್ತದೆ, ಜುಲೈನಿಂದಲೇ ನಿಮ್ಮ ಕ್ಷೇತ್ರೀಯ ಕಾರ್ಯಾಲಯದಲ್ಲಿ ವಿಚಾರಿಸಿ.

"ರಸ್ತೆ ಸರಿ ಮಾಡಿ" ಎಂದು ಬರೆದರೆ ಪ್ರಯೋಜನ ಇಲ್ಲ. ಯಾವ ಕಂಬದಿಂದ ಯಾವ ಅಂಗಡಿಯ ತನಕ, ಎಷ್ಟು ಮೀಟರ್, ಯಾರು ಓಡಾಡುತ್ತಾರೆ, ಮಳೆಗಾಲದಲ್ಲಿ ಎಷ್ಟು ನೀರು ನಿಲ್ಲುತ್ತದೆ ಎಂದು ಬರೆಯಿರಿ. ಎರಡು ಫೋಟೋ ಹಚ್ಚಿ. ನಡಿಗೆಯ ವಹಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಅರ್ಜಿ ಮರಾಠಿಯಲ್ಲೇ ಇರಲಿ. ಮರಾಠಿ ಶಾಲೆಗೆ ಹೋಗುವ ನಮ್ಮ ಮಕ್ಕಳೇ ತಿದ್ದಿಕೊಡುತ್ತಾರೆ. ಅಪ್ಪ ಅಮ್ಮನಿಗೆ ಕಲಿಸುವ ಖುಷಿ ಅವರ ಮುಖದಲ್ಲಿ ನೋಡಬೇಕು.

ಯಾವ ಅರ್ಜಿಯನ್ನೂ ಸಾಹೇಬರ ಮೇಜಿನ ಮೇಲಿಟ್ಟು ಬರಬೇಡಿ. ಬಂದ-ಹೋದ ಕಾಗದ ದಾಖಲಿಸುವ ಆವಕ್-ಜಾವಕ್ ಕಿಟಕಿಗೆ ಹೋಗಿ, ಎರಡನೇ ಪ್ರತಿಯ ಮೇಲೆ ಸಿಕ್ಕೆ, ದಿನಾಂಕ, ನಂಬರ್ ಹಾಕಿಸಿಕೊಳ್ಳಿ. ಇದಕ್ಕೆ ಪೋಚ್ ಅನ್ನುತ್ತಾರೆ. ಒಂದು ಕಚೇರಿಯಲ್ಲಿ ನಾವು ಪೋಚ್ ಇಲ್ಲದೆ ಕೊಟ್ಟ ಅರ್ಜಿ ಸಿಗಲೇ ಇಲ್ಲ. ಮೂವತ್ತೆರಡು ಮನೆಯವರ ಸಹಿ ಇತ್ತು ಅದರಲ್ಲಿ. ಮತ್ತೆ ಮನೆ ಮನೆಗೆ ಹೋಗುವಾಗ ಬಹಳ ನಾಚಿಕೆಯಾಯಿತು.

ಹಣ ಎಲ್ಲಿ ಖರ್ಚಾಯಿತು ಎಂದು ತಿಳಿಯಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ ಹತ್ತು ರೂಪಾಯಿ, ಉತ್ತರ ಕೊಡಲು ಮೂವತ್ತು ದಿನ. ಮಹಾರಾಷ್ಟ್ರದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. "ಗಟಾರ ಯಾಕೆ ಸ್ವಚ್ಛ ಮಾಡಿಲ್ಲ" ಎಂದು ಕೇಳಬೇಡಿ. "ಎರಡು ವರ್ಷದಲ್ಲಿ ಈ ಗಟಾರದ ಕೆಲಸಕ್ಕೆ ಕೊಟ್ಟ ವರ್ಕ್ ಆರ್ಡರ್ ಮತ್ತು ಬಿಲ್ಲುಗಳ ಪ್ರತಿ ಕೊಡಿ" ಎಂದು ಕೇಳಿ. ಕಾಗದ ಕೇಳಿದರೆ ಕಾಗದ ಸಿಗುತ್ತದೆ. ಇನ್ನೂ ಒಂದು ಅನುಕೂಲ ಇದೆ. ಸೋಮವಾರ ಮಧ್ಯಾಹ್ನ ಮೂರರಿಂದ ಐದರ ತನಕ ನಾಗರಿಕರು ಪಾಲಿಕೆಯ ಕಚೇರಿಗೆ ಹೋಗಿ ಕಡತ ನೋಡಬಹುದು. ಪುಣೆಯಲ್ಲಿ ಶುರುವಾದ ಈ ಕ್ರಮವನ್ನು ರಾಜ್ಯ ಸರ್ಕಾರ 2018ರಲ್ಲಿ ಬೇರೆ ಊರುಗಳಿಗೂ ಹಬ್ಬಿಸಿತು. ಮೊದಲ ಸಲ ಇಬ್ಬರು ಹೋಗಿ, ಒಬ್ಬರು ಓದಲು, ಒಬ್ಬರು ಬರೆಯಲು. ಸೌಜನ್ಯದಿಂದ ಮಾತಾಡಿ. ಒಳ್ಳೆಯ ಗುಮಾಸ್ತರು ಎಲ್ಲ ಕಡೆಯೂ ಇರುತ್ತಾರೆ, ಅವರು ಹೇಳಿಕೊಟ್ಟದ್ದು ಬಹಳ ಇದೆ.

ವರ್ಷಕ್ಕೊಮ್ಮೆ ಊರು ದಾಟಿ

ಹಿವರೆ ಬಾಜಾರ್‌ಗೆ ಒಂದು ಸಲ ಹೋಗಿ ಬನ್ನಿ. ಅಹಮದನಗರ, ಅಂದರೆ ಈಗಿನ ಅಹಿಲ್ಯಾನಗರ ಜಿಲ್ಲೆಯ ಊರು. ಪುಣೆಯಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು. ಮಳೆ ಕಡಿಮೆ, ಹಿಂದೆ ಜನ ಗುಳೆ ಹೋಗುತ್ತಿದ್ದ ಊರದು. ಪೋಪಟರಾವ್ ಪವಾರ್ ಸರಪಂಚರಾದ ಮೇಲೆ ಊರವರು ಗುಡ್ಡಕ್ಕೆ ಬದು ಕಟ್ಟಿ, ಕೆರೆ ಕಟ್ಟೆ ತೋಡಿದರು. ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಆ ವರ್ಷ ಎಷ್ಟು ಮಳೆ ಬಿತ್ತು ಎಂದು ಅಳೆದು, ಕುಡಿಯಲು ಎಷ್ಟು, ದನಕ್ಕೆ ಎಷ್ಟು ಎಂದು ತೆಗೆದಿಟ್ಟು, ಉಳಿದ ನೀರಿಗೆ ತಕ್ಕ ಬೆಳೆಯನ್ನು ಊರೇ ಕೂತು ಗೊತ್ತು ಮಾಡುತ್ತದೆ. ನೀರು ಕುಡಿಯುವ ಕಬ್ಬಿಗೆ ಅಲ್ಲಿ ಜಾಗ ಇಲ್ಲ.

ನಮ್ಮ ಜೊತೆ ಬಂದ ಯಾದಗಿರಿಯ ಅಕ್ಕ ವಾಪಸ್ ಬರುವಾಗ ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ನಮ್ಮೂರಾಗೂ ಗುಡ್ಡ ಐತಿ" ಎಂದರು. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ವಹಿಯ ಒಂದು ಪ್ರತಿ ಮಾಡಿಸಿಕೊಂಡು ಹೋದರು.

ನಡೆಸಿಕೊಂಡು ಹೋಗಲು

ತಿಂಗಳಿಗೆ ಒಂದೇ ಕೂಟ, ಒಂದೂವರೆ ಗಂಟೆ. ಪ್ರತಿ ಸಲ ಬೇರೆಯವರು ನಡೆಸಲಿ. ಚಹಾದ ದುಡ್ಡು ಬಿಟ್ಟು ಬೇರೆ ಹಣ ಕೂಡಿಸಬೇಡಿ. ಪಕ್ಷದ ಬಾವುಟ, ಜಾತಿಯ ಮಾತು ಬೇಡ. ವಾಟ್ಸ್ಯಾಪ್ ಗುಂಪಿನಲ್ಲಿ ಕೂಟದ ದಿನ, ಫೋಟೋ, ಲೆಕ್ಕ ಇಷ್ಟೇ ಇರಲಿ. ಓದು ಬರಹ ಬಾರದವರೂ ಇರುತ್ತಾರೆ, ಅವರಿಗೆ ಒಬ್ಬರು ಧ್ವನಿ ಸಂದೇಶ ಕಳಿಸಿ.

ವಹಿ ಕಳೆಯಬಾರದು. ತಾರೀಖು, ಬಂದವರು, ಅಳೆದದ್ದು, ಮುಂದಿನ ಸಲ ಯಾರು ಏನು ತರಬೇಕು ಎಂದು ಅದರಲ್ಲಿ ಬರೆಯಿರಿ.

ಶುರು ಮಾಡಲು ಮೇ ತಿಂಗಳ ಕೊನೆಯ ಭಾನುವಾರ ಒಳ್ಳೆಯದು. ಓಢಾ ಒಣಗಿರುತ್ತದೆ, ತಳದಲ್ಲಿ ಏನೇನು ಬಿದ್ದಿದೆ ಎಂದು ಕಾಣುತ್ತದೆ. ಫೋಟೋ ತೆಗೆದಿಡಿ. ಮಳೆ ಹಿಡಿದ ಮೇಲೆ, ಜುಲೈನಲ್ಲಿ, ನೀರಿನಿಂದ ದೂರ ನಿಂತು ಅದೇ ಜಾಗಗಳ ಫೋಟೋ ಮತ್ತೆ ತೆಗೆಯಿರಿ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಆಗಸ್ಟಿನ ಅರ್ಜಿಗೆ ಬೇಕಾದದ್ದು ಸಿದ್ಧವಾಯಿತು.